ಕಾಫಿ ಗಿಡ ನೆಡೋಕೂ ಬಿಡದ ನೆಲದಲ್ಲಿ: ಗಿಕುಯು ನಾಡಿನಲ್ಲಿ ಆರು ದಿನ

ಜುಲೈ ತಿಂಗಳು. ಸಕಲೇಶಪುರದಲ್ಲಿ ಮಳೆ ಹಿಡಿದು ಕೂತಿತ್ತು. ತೋಟವನ್ನು ಮೇಸ್ತ್ರಿಗೆ ಒಪ್ಪಿಸಿ, ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಕೆನ್ಯಾದ ನೈರೋಬಿಗೆ ಹೊರಟೆ. ಅಕ್ಕ ಭಾವ ಅಲ್ಲಿದ್ದಾರೆ. "ಸಿಂಹ ನೋಡೋಕೆ ಬಾರೋ" ಅಂತ ಭಾವ ವರ್ಷಗಟ್ಟಲೆ ಕರೆಯುತ್ತಿದ್ದರು. ನನಗೆ ಸಿಂಹಕ್ಕಿಂತ ಕಾಫಿ ನೋಡುವ ಆಸೆ. ಕೊನೆಗೆ ನೋಡಿದ್ದು ಎರಡೂ ಅಲ್ಲ ಅನ್ನಬೇಕು. ಕಾಫಿಯ ಬೆನ್ನು ಹತ್ತಿ ಹೋದವನು ಒಂದು ಸ್ವಾತಂತ್ರ್ಯ ಹೋರಾಟದ ಜಾಡಿಗೆ ಬಿದ್ದೆ.

ಮೊದಲ ದಿನ: ನೈರೋಬಿ ಪೇಟೆ

ಆಫ್ರಿಕ ಅಂದರೆ ಬಿಸಿಲು ಅಂದುಕೊಂಡು ಹೋದವನಿಗೆ ನೈರೋಬಿಯ ಜುಲೈ ಚಳಿ ಸರಿಯಾಗಿ ಬುದ್ಧಿ ಕಲಿಸಿತು. ಮೋಡ, ತೂರಲು ಮಳೆ. ನನ್ನ ಸ್ವೆಟರ್ ಇದ್ದ ಸೂಟ್‌ಕೇಸ್ ವಿಮಾನದಲ್ಲೇ ಎಲ್ಲೋ ಹಿಂದೆ ಉಳಿದಿತ್ತು. ಭಾವನ ಜಾಕೆಟ್ ಹಾಕಿಕೊಂಡು ಹೊರಟೆ. ತೋಳು ಅರ್ಧ ಅಡಿ ಜಾಸ್ತಿ.

ಮೊದಲು ಹೋಗಿದ್ದು ನಾರ್ಫೋಕ್ ಹೋಟೆಲ್ ಹತ್ತಿರ. ಬಿಳಿಯ ತೋಟದ ದೊರೆಗಳು ಕುಡಿಯೋಕೆ ಸೇರುತ್ತಿದ್ದ ಹಳೇ ಹೋಟೆಲ್. ಪಕ್ಕದಲ್ಲೇ ಆಗಿನ ಪೊಲೀಸ್ ಲೈನ್ ಇತ್ತು. 1922ರ ಮಾರ್ಚ್ 14ರಂದು ಹ್ಯಾರಿ ಥುಕು ಎಂಬ ಯುವಕನನ್ನು ಹಿಡಿದು ತಂದು ಇಲ್ಲಿ ಕೂಡಿಹಾಕಿದರು. ಗುಡಿಸಲು ತೆರಿಗೆ, ಹೆಣ್ಣುಮಕ್ಕಳನ್ನು ಬಲವಂತದಿಂದ ಕೆಲಸಕ್ಕೆ ಎಳೆಯೋದು, ಜೊತೆಗೆ ಕಿಪಾಂಡೆ. ಕಿಪಾಂಡೆ ಅಂದರೆ ಗುರುತಿನ ಚೀಟಿ. ಅದನ್ನು ಲೋಹದ ಡಬ್ಬಿಯಲ್ಲಿಟ್ಟು ಗಂಡಸರು ಕೊರಳಿಗೆ ನೇತುಹಾಕಿಕೊಳ್ಳಬೇಕು. ದನಕ್ಕೆ ಗಂಟೆ ಕಟ್ಟಿದ ಹಾಗೆ. ಇದರ ವಿರುದ್ಧ ಮಾತಾಡಿದ್ದೇ ಥುಕುವಿನ ತಪ್ಪು.

ಎರಡು ದಿನದ ಮೇಲೆ ಸಾವಿರಾರು ಜನ ಸೇರಿದರು. ಮುಖಂಡರು ಸಂಧಾನ ಮಾಡಿಕೊಂಡು ಬಂದು "ಮನೆಗೆ ಹೋಗಿ" ಅಂದಾಗ ಮೇರಿ ಮುಥೋನಿ ನ್ಯಾಂಜಿರು ಎಂಬಾಕೆ ಎದ್ದು ನಿಂತಳು. ಲಂಗ ಎತ್ತಿ, ಇದನ್ನು ನೀವು ಉಟ್ಟುಕೊಳ್ಳಿ, ನಿಮ್ಮ ಚಡ್ಡಿ ನಮಗೆ ಕೊಡಿ ಅಂತ ಗಂಡಸರನ್ನು ಮೂದಲಿಸಿದಳು. ಹೆಂಗಸರು ಮುಂದೆ ನುಗ್ಗಿದರು. ಗುಂಡು ಹಾರಿತು. ಮೊದಲು ಸತ್ತವರಲ್ಲಿ ಅವಳೂ ಒಬ್ಬಳು. ಸರ್ಕಾರದ ಲೆಕ್ಕದಲ್ಲಿ 21 ಜನ. ಜನರ ಲೆಕ್ಕ ಅದಕ್ಕಿಂತ ಬಹಳ ಜಾಸ್ತಿ. ಹೋಟೆಲಿನ ಜಗಲಿಯಿಂದ ದೊರೆಗಳೂ ಗುಂಡು ಹಾರಿಸಿದರು ಎಂಬ ಮಾತು ಇವತ್ತಿಗೂ ಇದೆ. ಈಗ ಅದೇ ಹೋಟೆಲಿನಲ್ಲಿ ಕಾಫಿ ಕುಡಿಯಬಹುದು. ರೇಟು ನೋಡಿ ಭಾವ "ನಡಿ ನಡಿ" ಅಂದರು.

ಥುಕುವಿನ ಸಂಘದ ಹೆಸರು ಈಸ್ಟ್ ಆಫ್ರಿಕನ್ ಅಸೋಸಿಯೇಷನ್. ಮೊದಲು ಅದು ಗಿಕುಯು ಬುಡಕಟ್ಟಿನ ಯುವಕರ ಸಂಘ. ಬೇರೆ ಬುಡಕಟ್ಟಿನವರೂ ಸೇರಲಿ ಅಂತಲೇ ಹೆಸರು ಬದಲಿಸಿದ್ದರು. ಗುಜರಾತಿ ಪತ್ರಕರ್ತ ಮಣಿಲಾಲ್ ದೇಸಾಯಿಯ ಬೆಂಬಲವೂ ಇತ್ತು. ಗುಂಡೇಟಿನ ನಂತರ ಸರ್ಕಾರ ಈ ಸಂಘವನ್ನು ತುಳಿದುಹಾಕಿತು. ಥುಕುವನ್ನು ದೂರದ ಕಿಸ್ಮಾಯುಗೆ ಗಡೀಪಾರು ಮಾಡಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂಜೆ ಕಿಮಾಥಿ ಸ್ಟ್ರೀಟಿಗೆ ಬಂದೆವು. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಚೂರಿ ಹಿಡಿದು, ಜಡೆಗಟ್ಟಿದ ಕೂದಲಲ್ಲಿ ಡೇಡನ್ ಕಿಮಾಥಿ ನಿಂತಿದ್ದಾನೆ. ಕಾಡಿನಲ್ಲಿದ್ದು ಬ್ರಿಟಿಷರ ವಿರುದ್ಧ ಹೋರಾಡಿದವನು. ಈ ಪ್ರತಿಮೆ ನಿಲ್ಲಿಸಿದ್ದು 2007ರಲ್ಲಿ. ಅವನನ್ನು ಗಲ್ಲಿಗೆ ಹಾಕಿ ಸರಿಯಾಗಿ ಐವತ್ತು ವರ್ಷಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದು 1963ರ ಡಿಸೆಂಬರ್ 12ಕ್ಕೆ. ಆದರೆ ಅವನ ಸಂಘಟನೆ ಮೌ ಮೌ ಮೇಲಿನ ನಿಷೇಧ ತೆಗೆದದ್ದು 2003ರಲ್ಲಿ! ಸ್ವತಂತ್ರ ದೇಶದಲ್ಲಿ ಸ್ವಾತಂತ್ರ್ಯಕ್ಕೆ ಹೊಡೆದಾಡಿದವರು ನಲವತ್ತು ವರ್ಷ ನಿಷೇಧಿತರು. ಇದು ಹೇಗೆ ಅನ್ನೋ ಪ್ರಶ್ನೆ ಅಲ್ಲೇ ಹುಟ್ಟಿತು.

ಎರಡನೇ ದಿನ: ನೈರೋಬಿಯಲ್ಲೇ

ಬೆಳಗ್ಗೆ ಉಹುರು ಪಾರ್ಕಿನ ಪಕ್ಕದ ಮೌ ಮೌ ಸ್ಮಾರಕ. ಒಬ್ಬ ಹೆಂಗಸು ಕಾಡಿನಿಂದ ಬಂದ ಹೋರಾಟಗಾರನಿಗೆ ಊಟ ಕೊಡುತ್ತಿದ್ದಾಳೆ. ಇಬ್ಬರೂ ಮುಖ ತಿರುಗಿಸಿಕೊಂಡಿದ್ದಾರೆ. ನಾಳೆ ಪೊಲೀಸರು ಹೊಡೆದು ಕೇಳಿದರೂ ಗುರುತು ಹೇಳೋಕೆ ಆಗಬಾರದು, ಅದಕ್ಕೆ. ಇದಕ್ಕೆ ದುಡ್ಡು ಕೊಟ್ಟದ್ದು ಬ್ರಿಟಿಷ್ ಸರ್ಕಾರ. ಬ್ರಿಟಿಷರ ಬಂಧನ ಕ್ಯಾಂಪುಗಳಲ್ಲಿ ಚಿತ್ರಹಿಂಸೆ ತಿಂದ ಮುದುಕ ಮುದುಕಿಯರು ಲಂಡನ್ನಿನ ಕೋರ್ಟಿಗೆ ಹೋಗಿದ್ದರು. 2013ರಲ್ಲಿ ಬ್ರಿಟನ್ ವಿಷಾದ ಹೇಳಿ, 5,228 ಜನರಿಗೆ ಪರಿಹಾರ ಒಪ್ಪಿತು. ಸ್ಮಾರಕ ಎದ್ದದ್ದು 2015ರಲ್ಲಿ.

ಮಧ್ಯಾಹ್ನ ಕಾಲೊಲೆನಿ ಬಡಾವಣೆಯ ಹಾಲ್. 1950ರ ಏಪ್ರಿಲ್‌ನಲ್ಲಿ ಇಲ್ಲಿ ನಡೆದ ಸಭೆಯಲ್ಲಿ ಕೂಲಿಕಾರ್ಮಿಕರ ಮುಖಂಡ ಮಖನ್ ಸಿಂಗ್ ಪೂರ್ವ ಆಫ್ರಿಕಕ್ಕೆ ಈಗಿಂದೀಗಲೇ ಸ್ವಾತಂತ್ರ್ಯ ಬೇಕು ಎಂಬ ನಿರ್ಣಯ ಮಂಡಿಸಿದ. ಪಂಜಾಬಿ ಸರ್ದಾರ! ಅದಕ್ಕೆ ತೆತ್ತ ಬೆಲೆ ಹನ್ನೊಂದು ವರ್ಷದ ಬಂಧನ. ಇಲ್ಲಿನ ಭಾರತೀಯರಲ್ಲಿ ಅಂಗಡಿ ನೋಡಿಕೊಂಡು ಸುಮ್ನೆ ಇದ್ದವರೇ ಜಾಸ್ತಿ ಅನ್ನೋದೂ ನಿಜವೇ. ಅಕ್ಕನ ಪರಿಚಯದವರೊಬ್ಬರು ಇದೇ ಊರಲ್ಲಿ ಹುಟ್ಟಿ ಬೆಳೆದವರು. ಮಖನ್ ಸಿಂಗ್ ಹೆಸರು ಕೇಳಿದರೆ "ಯಾರವರು?" ಅಂದರಂತೆ.

ಮೂರನೇ ದಿನ: ಮುರಂಗಾ

ಕಾರು, ಡ್ರೈವರ್ ಗೊತ್ತು ಮಾಡಿಕೊಂಡು ಉತ್ತರಕ್ಕೆ ಹೊರಟೆವು. ಡ್ರೈವರ್ ಲುವೊ ಬುಡಕಟ್ಟಿನವನು, ಪಶ್ಚಿಮದ ವಿಕ್ಟೋರಿಯಾ ಸರೋವರದ ಕಡೆಯವನು. ಇತಿಹಾಸದ ಪ್ರವಾಸ ಅಂದಾಗ ನಕ್ಕ. "ಗಿಕುಯುಗಳ ಕಥೆ ಕೇಳೋಕೆ ಹೋಗ್ತಿದ್ದೀರಿ. ಅವರನ್ನು ಕೇಳಿದರೆ ಸ್ವಾತಂತ್ರ್ಯ ತಂದವರು ಅವರೊಬ್ಬರೇ." ಮುಂದಿನ ನಾಲ್ಕು ದಿನ ಈ ಕೊಕ್ಕೆ ಅವನ ಬಾಯಲ್ಲಿ ಇದ್ದೇ ಇತ್ತು.

ಥಿಕಾ ದಾಟುವಾಗ ಒಂದು ಮುಗುಮೊ ಮರದ ಕಥೆ ಹೇಳಿದ. ಮುಗುಮೊ ಅಂದರೆ ಆಲ, ಅತ್ತಿಯ ಜಾತಿ. ಗಿಕುಯುಗಳಿಗೆ ದೇವರ ಮರ. ಆ ಮರ ಬಿದ್ದ ದಿನ ಬಿಳಿಯರ ಆಳ್ವಿಕೆಯೂ ಬೀಳುತ್ತೆ ಅಂತ ಹಿಂದೆ ಒಬ್ಬ ಕಾಲಜ್ಞಾನಿ ಹೇಳಿದ್ದನಂತೆ. ಬ್ರಿಟಿಷರು ಹೆದರಿ ಮರಕ್ಕೆ ಆಸರೆ ಕಟ್ಟಿಸಿದರಂತೆ. ಮರ ಬಿತ್ತು, ಸ್ವಾತಂತ್ರ್ಯವೂ ಬಂತು ಅಂತ ಕಥೆ. ಲುವೊ ಆದರೂ ಈ ಕಥೆಯನ್ನು ಮಾತ್ರ ಬಹಳ ಉತ್ಸಾಹದಿಂದಲೇ ಹೇಳಿದ.

ಮುಂದೆ ಕೆಂಪು ಮಣ್ಣು, ಏರುತಗ್ಗು. ಏಣು ಏಣಿಗೂ ಸಣ್ಣ ಸಣ್ಣ ಹಿಡುವಳಿ, ಬದುಗಳಲ್ಲಿ ಸಿಲ್ವರ್ ಓಕ್. ನಿಜ, ನಮ್ಮ ತೋಟದ ಅದೇ ಸಿಲ್ವರ್ ಓಕ್! ಅದರ ನಡುವೆ ಕಾಫಿ, ನೆರಳೇ ಇಲ್ಲದೆ ಬಯಲಲ್ಲಿ ನಿಂತ ಅರೇಬಿಕಾ. ನಮ್ಮ ಸೀಮೆಯಲ್ಲಿ ಹೀಗೆ ಬೆಳೆದರೆ ಬೋರರ್ ಹುಳ ತಿಂದು ಮುಗಿಸುತ್ತೆ. ಹಳೇ ಮೈಸೂರು ಸಂಸ್ಥಾನದಲ್ಲಿ ಆರಿಸಿದ ಕೆಂಟ್ ಎಂಬ ತಳಿ ಒಂದು ಕಾಲಕ್ಕೆ ಪೂರ್ವ ಆಫ್ರಿಕಕ್ಕೆ ಬಂದಿತ್ತು ಅಂತ ನಾನು ಓದಿದ್ದೆ. ಕಾರು ನಿಲ್ಲಿಸಿ ಗಿಡ ಗಿಡ ನೋಡತೊಡಗಿದೆ. "ಬಾರೋ ಮಾರಾಯ, ಅವು ನಿನ್ನ ಗುರುತು ಹಿಡಿಯಲ್ಲ" ಅಂತ ಭಾವ ಕೂಗಿದರು.

ಮುರಂಗಾಕ್ಕೆ ಬ್ರಿಟಿಷರು ಇಟ್ಟಿದ್ದ ಹೆಸರು ಫೋರ್ಟ್ ಹಾಲ್. ಕಿಕುಯು ಸೆಂಟ್ರಲ್ ಅಸೋಸಿಯೇಷನ್ ಹುಟ್ಟಿದ್ದು ಇಲ್ಲಿ, 1924ರಲ್ಲಿ. ಕಿಕುಯು, ಗಿಕುಯು ಎರಡೂ ಒಂದೇ. ಜೋಸೆಫ್ ಕಾಂಗೆಥೆ, ಜೇಮ್ಸ್ ಬ್ಯೂಟಾ ಮುಂತಾದವರು ಕಟ್ಟಿದ್ದು. ಎಲ್ಲ ಬುಡಕಟ್ಟನ್ನೂ ಕೂಡಿಸಿಕೊಳ್ಳಲು ಹೊರಟ ಥುಕುವಿನ ಸಂಘ ಮುರಿದುಬಿತ್ತಲ್ಲ, ಆಮೇಲೆ ಜನ ತಮ್ಮ ತಮ್ಮ ಸೀಮೆಯೊಳಗೆ ಸಂಘ ಕಟ್ಟಿಕೊಂಡರು. ಜಮೀನನ್ನೂ ಸರ್ಕಾರ ಬುಡಕಟ್ಟಿಗೊಂದು ಮೀಸಲು ಪ್ರದೇಶ ಅಂತ ಗೆರೆ ಎಳೆದು ಕೊಟ್ಟಿತ್ತು. ಒಳ್ಳೆಯ ಎತ್ತರದ ನೆಲ ಬಿಳಿಯರಿಗೆ, ಉಳಿದದ್ದು ಇವರಿಗೆ. ಹೀಗೆ ಬೇಲಿ ಹಾಕಿದವರೇ ಆಮೇಲೆ "ಇದು ಬರೀ ಒಂದು ಬುಡಕಟ್ಟಿನ ಗಲಾಟೆ" ಅಂದರು. ಇದು ನನಗೆ ಬಹಳ ವಿಚಿತ್ರ ಅನಿಸುತ್ತದೆ.

ಈ ಸಂಘ 1925ರಲ್ಲಿ ಗವರ್ನರ್‌ಗೆ ಕೊಟ್ಟ ಬೇಡಿಕೆಗಳನ್ನು ನೋಡಿ. ಥುಕುವನ್ನು ಬಿಡಿ. ಕಾನೂನುಗಳನ್ನು ನಮ್ಮ ಭಾಷೆಯಲ್ಲಿ ಅಚ್ಚು ಹಾಕಿಸಿ. ಕಾಫಿ ಬೆಳೆಯೋಕೆ ಬಿಡಿ. ಹೌದು, ಕಾಫಿ! ಈ ಮಣ್ಣಿನಲ್ಲಿ ಹುಟ್ಟಿದವರಿಗೆ ಕಾಫಿ ಗಿಡ ನೆಡುವ ಹಕ್ಕು ಇರಲಿಲ್ಲ. ಅವರು ಬೆಳೆದರೆ ರೋಗ ಹರಡುತ್ತೆ ಅನ್ನೋದು ದೊರೆಗಳ ನೆಪ. ಒಳಗಿನ ಮಾತು ಬೇರೆ. ಅವರ ಕೈಗೆ ಸ್ವಂತ ದುಡ್ಡು ಬಂದರೆ ತೋಟದ ಕೂಲಿಗೆ ಯಾರು ಬರುತ್ತಾರೆ? ನಾನು ಮೂರು ತಲೆಮಾರಿನ ಕಾಫಿಯವನು. ಹಣ್ಣಿನ ರೇಟು ಬಿದ್ದಾಗ ಸರ್ಕಾರವನ್ನು ಬೈದಿದ್ದೇನೆ. ಆದರೆ ಗಿಡ ನೆಟ್ಟಿದ್ದೇ ಅಪರಾಧ ಆಗಬಹುದು ಅಂತ ಯೋಚನೆಯೇ ಬಂದಿರಲಿಲ್ಲ.

1928ರಲ್ಲಿ ಜೋಮೋ ಕೆನ್ಯಾಟ್ಟಾ ಸಂಘದ ಕಾರ್ಯದರ್ಶಿಯಾದ. ಮುಂದೆ ಸ್ವತಂತ್ರ ಕೆನ್ಯಾದ ಮೊದಲ ರಾಷ್ಟ್ರಪತಿಯಾದವನು ಇವನೇ. ಗಿಕುಯು ಭಾಷೆಯಲ್ಲಿ 'ಮುಯ್‌ಗ್ವಿಥಾನಿಯಾ' ಪತ್ರಿಕೆ ನಡೆಸಿದ. ಮರುವರ್ಷ ಜಮೀನಿನ ಅಹವಾಲು ಹಿಡಿದುಕೊಂಡು ಲಂಡನ್ನಿಗೆ ಹೋದ. ಅದೇ ಹೊತ್ತಿಗೆ ಹೆಣ್ಣುಮಕ್ಕಳ ಸುನ್ನತಿಯ ವಿಷಯದಲ್ಲಿ ಮಿಷನ್‌ಗಳಿಗೂ ಗಿಕುಯುಗಳಿಗೂ ಜಗಳ ಹತ್ತಿತು. ಆ ಪದ್ಧತಿಯನ್ನು ನಾನಂತೂ ಸಮರ್ಥಿಸಲಾರೆ. ಜಗಳದಿಂದ ಹುಟ್ಟಿದ್ದು ಮಾತ್ರ ದೊಡ್ಡದು. ಜನ ಮಿಷನ್ ಶಾಲೆ ಬಿಟ್ಟು ತಮ್ಮದೇ ಶಾಲೆ ಕಟ್ಟಿಕೊಂಡರು.

ಮುರಂಗಾದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚರ್ಚ್. ಮೌ ಮೌ ಸೇರುವ ಪ್ರಮಾಣ ಮಾಡಲ್ಲ ಅಂದಿದ್ದಕ್ಕೆ ಕೊಲೆಯಾದ ಗಿಕುಯು ಕ್ರೈಸ್ತರ ನೆನಪಿಗೆ ಕಟ್ಟಿದ್ದು. ಗೋಡೆಯ ಮೇಲೆ ಎಲಿಮೊ ನ್ಜಾವು 1950ರ ದಶಕದ ಕೊನೆಯಲ್ಲಿ ಬರೆದ ದೊಡ್ಡ ಚಿತ್ರಗಳಿವೆ. ಯೇಸು ಕಪ್ಪು ಮನುಷ್ಯ. ಹುಟ್ಟಿದ್ದು ಗಿಕುಯು ಗುಡಿಸಲಲ್ಲಿ, ಸುತ್ತ ಇದೇ ಏಣುಗಳು, ಇದೇ ಕೆಂಪು ಮಣ್ಣು. ನಿನ್ನೆ ಹೋರಾಟಗಾರರ ಸ್ಮಾರಕ ನೋಡಿದ ಕಣ್ಣಿಗೆ ಇವತ್ತು ಅವರ ಕೈಯಲ್ಲಿ ಸತ್ತವರ ಸ್ಮಾರಕ. ಅಕ್ಕ ಮೇಣದಬತ್ತಿ ಹಚ್ಚಿದಳು. ಯಾರಿಗೆ ಅಂತ ನಾನು ಕೇಳಲಿಲ್ಲ.

ರಾತ್ರಿ ಊಟಕ್ಕೆ ಮುಕಿಮೊ. ಆಲೂಗಡ್ಡೆ, ಜೋಳ, ಸೊಪ್ಪು ಎಲ್ಲಾ ಸೇರಿಸಿ ಮಿದ್ದದ್ದು. ಉಪ್ಪಿನಕಾಯಿ ಇದ್ದಿದ್ದರೆ ಇನ್ನೆರಡು ತುತ್ತು ಹೋಗುತ್ತಿತ್ತು.

ನಾಲ್ಕನೇ ದಿನ: ನ್ಯೇರಿ

ನ್ಯೇರಿಯ ಹತ್ತಿರ ಒಂದು ಕಾಫಿ ಸಹಕಾರ ಸಂಘದ 'ಫ್ಯಾಕ್ಟರಿ'ಗೆ ಹೋದೆವು. ಫ್ಯಾಕ್ಟರಿ ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪಿಂಗ್ ಮನೆ. ದೊಡ್ಡ ಬೆಳೆ ವರ್ಷದ ಕೊನೆಗೆ. ಈಗ ಮಧ್ಯದ ಸಣ್ಣ ಬೆಳೆಯ ಕೊನೆ ಕೊಯ್ಲು. ಹೆಂಗಸರು ಚೀಲದಲ್ಲಿ ಹಣ್ಣು ಹೊತ್ತು ತಂದು, ಹಸಿರು ಕಾಯಿ ಆರಿಸಿ ತೆಗೆದು, ತೂಕಕ್ಕೆ ನಿಲ್ಲುತ್ತಿದ್ದರು. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಬೀಜ, ಒಣಗಿಸೋಕೆ ನೆಲದ ಕಣ ಇಲ್ಲ, ಸೊಂಟದೆತ್ತರಕ್ಕೆ ಬಲೆ ಹಾಸಿದ ಅಟ್ಟಣಿಗೆ. ಇದನ್ನು ಊರಿಗೆ ಹೋಗಿ ಮಾಡಿ ನೋಡಬೇಕು.

ಅಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗನ ಜೊತೆ ಬಂದಿದ್ದರು. ಡ್ರೈವರ್ ಅವರನ್ನು "ಶೋಶೋ" ಅಂತ ಕರೆದ. ಅಜ್ಜಿ ಅಂತಲೇ ಅರ್ಥ. ನಾನೂ ಕಾಫಿ ಬೆಳೆಯುವವನು ಅಂದಾಗ ಮೊದಲು ನನ್ನ ಅಂಗೈ ಹಿಡಿದು ನೋಡಿದರು. ನಂಬಿಕೆ ಬಂದಂತೆ ಕಾಣಲಿಲ್ಲ. ಮಾತು ಹಳೇ ಕಾಲಕ್ಕೆ ಹೊರಳಿತು.

"ನಾನು ಚಿಕ್ಕವಳು. ನಮ್ಮ ಮನೆಗೆ ಬೆಂಕಿ ಹಾಕಿದರು. ಹೊಸ ಊರಿಗೆ ಹೋಗಿ ಅಂದರು. ಸುತ್ತ ಮುಳ್ಳುತಂತಿ. ಅಮ್ಮ ದಿನಾ ಕಂದಕ ತೋಡೋಕೆ ಹೋಗ್ತಿದ್ದಳು. ಸಂಜೆ ಒಂದು ಗಂಟೆ ಮಾತ್ರ ಹೊಲಕ್ಕೆ ಬಿಡ್ತಿದ್ದರು."

"ಅಪ್ಪ?"

"ಅಪ್ಪ ಕ್ಯಾಂಪಿನಲ್ಲಿ. ದೊಡ್ಡಪ್ಪ ಗಾರ್ಡು. ಆ ತಂತಿ ಬೇಲಿಗೆ ಕಾವಲು ನಿಂತವನು ನಮ್ಮ ದೊಡ್ಡಪ್ಪನೇ."

ಇದಿಷ್ಟನ್ನು ಅವರು ಹಣ್ಣು ಆರಿಸುತ್ತಲೇ ಹೇಳಿದರು. ಕೈ ಒಂದು ಸಲವೂ ನಿಲ್ಲಲಿಲ್ಲ.

ಅಜ್ಜಿ ಹೇಳಿದ್ದರ ಹಿನ್ನೆಲೆ ಇಷ್ಟು. ಮುರಂಗಾದಲ್ಲಿ ಹುಟ್ಟಿದ ಕಿಕುಯು ಸಂಘವನ್ನು 1940ರಲ್ಲಿ ನಿಷೇಧಿಸಿದರು. ಕಂಬಾ ಮತ್ತು ಟೈಟಾ ಜನರ ಸಂಘಗಳಿಗೂ ಅದೇ ಗತಿಯಾಯಿತು. ಆಮೇಲೆ ದೇಶಕ್ಕೆಲ್ಲ ಒಂದೇ ಎಂದು ಕೆನ್ಯಾ ಆಫ್ರಿಕನ್ ಯೂನಿಯನ್ ಬಂತು. 1947ರಲ್ಲಿ ಕೆನ್ಯಾಟ್ಟಾ ಅದರ ಅಧ್ಯಕ್ಷ. 1952ರ ಜುಲೈನಲ್ಲಿ ಇದೇ ನ್ಯೇರಿಯಲ್ಲಿ ಸಭೆ ನಡೆದಾಗ ಇಪ್ಪತ್ತೈದು ಮೂವತ್ತು ಸಾವಿರ ಜನ. ಆದರೆ ಒಳಗೊಳಗೆ ಇನ್ನೊಂದು ನಡೆಯುತ್ತಿತ್ತು. ಬಿಳಿಯರ ತೋಟಗಳಿಂದ ಹೊರಹಾಕಿಸಿಕೊಂಡವರು, ನೈರೋಬಿಯ ಕೆಲಸವಿಲ್ಲದ ಹುಡುಗರು, ಎರಡನೇ ಯುದ್ಧ ಮುಗಿಸಿ ಬಂದ ಸಿಪಾಯಿಗಳು ರಾತ್ರಿ ಹೊತ್ತು ಪ್ರಮಾಣ ಮಾಡುತ್ತಿದ್ದರು. ಇದೇ ಮೌ ಮೌ. ಅವರ ಮಾತು 'ಇಥಾಕ ನ ವಿಯಾಥಿ', ನೆಲ ಮತ್ತು ಸ್ವಾತಂತ್ರ್ಯ. ಎರಡೂ ಒಂದೇ ಉಸಿರಲ್ಲಿ. ನೆಲ ಇಲ್ಲದವನಿಗೆ ಗಿಕುಯು ಪದ್ಧತಿಯಲ್ಲಿ ದೊಡ್ಡವನಾಗುವ ದಾರಿಯೇ ಇಲ್ಲ.

1952ರ ಅಕ್ಟೋಬರ್ 20ರಂದು ತುರ್ತುಪರಿಸ್ಥಿತಿ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಗಿಕುಯುಗಳನ್ನು 800ಕ್ಕೂ ಹೆಚ್ಚು ಬೇಲಿ ಊರುಗಳಿಗೆ ತಳ್ಳಿದರು. ಸಾವಿರದ ಮೇಲೆ ಜನರನ್ನು ಗಲ್ಲಿಗೇರಿಸಿದರು. ಇಡೀ ಗಲಭೆಯಲ್ಲಿ ಸತ್ತ ಬಿಳಿಯ ತೋಟದವರು 32 ಜನ. ಸತ್ತ ಆಫ್ರಿಕನ್ನರದು ಸಾವಿರಗಳ ಲೆಕ್ಕ. ಗಂಡಸರು ಕ್ಯಾಂಪಿನಲ್ಲಿ ಇದ್ದಾಗಲೇ ಹಳ್ಳಿಯಲ್ಲಿ ಜಮೀನು ಅಳೆದು ಒಟ್ಟುಗೂಡಿಸಿ ಪಟ್ಟಾ ಮಾಡಿದರು. ಸರ್ಕಾರದ ಕಡೆ ನಿಂತವರಿಗೆ ಒಳ್ಳೆ ತುಂಡು. ಕ್ಯಾಂಪಿನಿಂದ ಬಂದವನಿಗೆ ಕಲ್ಲುಗುಡ್ಡೆ. ಕಾಫಿಗೆ ಧಾರಾಳವಾಗಿ ಅನುಮತಿ ಸಿಕ್ಕಿದ್ದೂ ಈ ಕಾಲದಲ್ಲೇ! ಮೂವತ್ತು ವರ್ಷ ಬೇಡಿದ್ದು ಸಿಕ್ಕಿತು, ಬೇಡಿದವರು ಜೈಲಲ್ಲಿದ್ದಾಗ.

ಹೊರಡುವಾಗ ಅಜ್ಜಿ ಮೊಮ್ಮಗನ ಕೈಲಿ ಏನೋ ಹೇಳಿಸಿದರು. ನಮ್ಮ ಊರಲ್ಲಿ ಕೆಜಿ ಹಣ್ಣಿಗೆ ಎಷ್ಟು ಕೊಡ್ತಾರೆ ಅಂತ ಕೇಳಿದ್ದು.

ಐದನೇ ದಿನ: ಕಾಡಿನ ಅಂಚು

ಟೆಟು ಕಡೆ ಅಬರ್ಡೇರ್ ಕಾಡಿನ ಅಂಚಿಗೆ ಹೋದೆವು. ಒಂದು ಕಡೆ ಚಹಾ, ಇನ್ನೊಂದು ಕಡೆ ಕಪ್ಪು ಕಾಡು. 1956ರ ಅಕ್ಟೋಬರ್ 21ರ ಬೆಳಗ್ಗೆ ಚಿರತೆ ಚರ್ಮದ ಕೋಟು ಹಾಕಿದ್ದ ಕಿಮಾಥಿ ಈ ಸೀಮೆಯಲ್ಲಿ ಗುಂಡೇಟು ತಿಂದು ಸಿಕ್ಕಿಬಿದ್ದ. ಹೊಡೆದ ಪೇದೆಯೂ ಗಿಕುಯು. ರಿವಾಲ್ವರ್ ಇಟ್ಟುಕೊಂಡಿದ್ದ ಅಂತ ನ್ಯೇರಿಯಲ್ಲಿ ವಿಚಾರಣೆ ನಡೆಸಿ, 1957ರ ಫೆಬ್ರವರಿ 18ರಂದು ಕಮೀಟಿ ಎಂಬ ಊರಿನ ಜೈಲಿನಲ್ಲಿ ನೇಣು ಹಾಕಿದರು. ಹೂತ ಜಾಗಕ್ಕೆ ಗುರುತು ಇಲ್ಲ.

ಕಾಡಿನವರಿಗೆ ಊಟ ಹೋಗಬಾರದು ಅಂತ ತೋಡಿಸಿದ ಕಂದಕಗಳ ವಿಷಯ ಇಲ್ಲಿ ಮತ್ತೆ ಬಂತು. ಮೌಂಟ್ ಕೆನ್ಯಾ ಕಡೆ ಅದು 50 ಮೈಲಿ ಉದ್ದ, ತಳದಲ್ಲಿ ಚೂಪು ಗಳ. ನಮ್ಮ ಕಡೆ ಆನೆ ಬರಬಾರದು ಅಂತ ಕಂದಕ ತೋಡಿಸುತ್ತಾರಲ್ಲ, ನೋಡೋಕೆ ಹಾಗೆಯೇ ಇದ್ದಿರಬೇಕು. ಇದನ್ನು ಭಾವನಿಗೆ ಹೇಳಿದೆ. "ಆನೆಗೆ ಗಳ ನೆಡಲ್ಲ ಕಣೋ" ಅಂದರು.

ಮಧ್ಯಾಹ್ನ ಮಳೆ. ನೈರೋಬಿಗೆ ವಾಪಸ್. ಸೂಟ್‌ಕೇಸ್ ಬಂದು ಮನೆಯಲ್ಲಿ ಕೂತಿತ್ತು.

ಆರನೇ ದಿನ: ಲಾರಿ ಎಂಬ ಊರು ದಾಟಿ ಕಪೆಂಗುರಿಯಾ

ಕತ್ತಲಲ್ಲೇ ಹೊರಟೆವು. 400 ಕಿಲೋಮೀಟರ್ ಜಾಸ್ತಿಯೇ ಇದೆ. ಲಿಮುರು ದಾಟಿದ ಮೇಲೆ ಲಾರಿ ಅನ್ನೋ ಊರು ಸಿಗುತ್ತದೆ. 1953ರ ಮಾರ್ಚ್ 26ರ ರಾತ್ರಿ ಮೌ ಮೌ ಕಡೆಯವರು ಇಲ್ಲಿ ಗುಡಿಸಲುಗಳ ಬಾಗಿಲು ಕಟ್ಟಿ ಬೆಂಕಿ ಇಟ್ಟರು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹೆಂಗಸರು ಮಕ್ಕಳೇ ಹೆಚ್ಚು. ಬೆಳಗಾಗುವ ಮೊದಲೇ ಸರ್ಕಾರದ ಕಡೆಯವರ ಸೇಡು ಶುರುವಾಗಿ ಇನ್ನೂ ಜಾಸ್ತಿ ಹೆಣ ಬಿತ್ತು. ಮೂಲ ಮತ್ತೆ ಜಮೀನೇ. ಟಿಗೋನಿಯ ನೆಲವನ್ನು ಬಿಳಿಯರಿಗೆ ಬಿಟ್ಟುಕೊಟ್ಟು ಲಾರಿಗೆ ಬರಲು ಒಪ್ಪಿದ ಮುಖ್ಯಸ್ಥ ಲುಕಾ ಮೇಲಿನ ಹಳೇ ಸಿಟ್ಟು. ಕಾರು ನಿಲ್ಲಿಸಲಿಲ್ಲ. ಮಂಜಿತ್ತು, ಏನೂ ಕಾಣುತ್ತಲೂ ಇರಲಿಲ್ಲ.

ಕಪೆಂಗುರಿಯಾ ಪೊಕೊಟ್ ಜನರ ನಾಡು. 1952ರಲ್ಲಿ ಇಲ್ಲಿ ರೈಲಿಲ್ಲ, ಫೋನಿಲ್ಲ, ಹೋಟೆಲ್ ಇಲ್ಲ. ಜನ ಸೇರಬಾರದು ಅಂತಲೇ ಹುಡುಕಿದ ಜಾಗ. ಡಿಸೆಂಬರ್ 3ರಂದು ಶಾಲೆಯ ಕೋಣೆಯಲ್ಲಿ ವಿಚಾರಣೆ ಶುರು. ಮೌ ಮೌ ನಡೆಸಿದ ಆರೋಪ, ಕೆನ್ಯಾಟ್ಟಾ ಸೇರಿ ಆರು ಜನರ ಮೇಲೆ. ಲಂಡನ್ನಿನ ವಕೀಲ ಪ್ರಿಟ್ ಜೊತೆ ನಮ್ಮ ದೇಶದಿಂದ ದಿವಾನ್ ಚಮನ್ ಲಾಲ್ ಬಂದಿದ್ದರು. ಅವರನ್ನು ಕಳಿಸಿದ್ದು ನೆಹರು. ಇಲ್ಲಿಯ ಕಪಿಲಾ, ಜಸ್ವಂತ್ ಸಿಂಗ್, ಗೋವಾ ಮೂಲದ ಫಿಟ್ಜ್ ಡಿಸೋಜಾ ಕೂಡ ಇದ್ದರು. ಎಲ್ಲರೂ 24 ಮೈಲಿ ದೂರದ ಕಿಟಾಲೆಯಿಂದ ದಿನಾ ಓಡಾಡಬೇಕು. ಮುಖ್ಯ ಸಾಕ್ಷಿ ರಾಸನ್ ಮಚಾರಿಯಾ ತಾನು ಸುಳ್ಳು ಹೇಳಿದ್ದೆ ಅಂತ ಆಮೇಲೆ ಒಪ್ಪಿಕೊಂಡ. ತೀರ್ಪು ಏಳು ವರ್ಷ ಕಠಿಣ ಸಜೆ. ಜಡ್ಜ್ ಥ್ಯಾಕರ್‌ಗೆ ಸರ್ಕಾರ ಗುಟ್ಟಾಗಿ ಕೊಟ್ಟದ್ದು 20,000 ಪೌಂಡ್.

ಈಗ ಅದು ಮ್ಯೂಸಿಯಂ. ಆರು ಜನರನ್ನು ಇಟ್ಟಿದ್ದ ಸಣ್ಣ ಸಣ್ಣ ಕೋಣೆಗಳಿವೆ. ಕೆನ್ಯಾಟ್ಟಾ, ಫ್ರೆಡ್ ಕುಬಾಯ್, ಬಿಲ್ಡಾಡ್ ಕಗ್ಗಿಯಾ, ಕುಂಗು ಕರುಂಬಾ ಗಿಕುಯುಗಳು. ಪಾಲ್ ಎನ್ಗೆಯ್ ಕಂಬಾ. ಅಚಿಯೆಂಗ್ ಒನೆಕೊ ಲುವೊ.

ನಾನು ಕಗ್ಗಿಯಾನ ಕೋಣೆಯ ಮುಂದೆ ಬಹಳ ಹೊತ್ತು ನಿಂತೆ. ಸ್ವಾತಂತ್ರ್ಯ ಬಂದ ಮೇಲೆ ಬಿಳಿಯರ ತೋಟಗಳನ್ನು ಸಾಲ ಮಾಡಿ ಕೊಂಡು, ಸಾಲದ ಮೇಲೇ ಹಂಚಿದರು. ದುಡ್ಡಿದ್ದವರು ದೊಡ್ಡ ದೊಡ್ಡ ತುಂಡು ಕೊಂಡರು. ಕಸಿದುಕೊಂಡ ನೆಲಕ್ಕೆ ದುಡ್ಡು ಯಾಕೆ ಕೊಡಬೇಕು, ಭೂಮಿ ಇಲ್ಲದವರಿಗೆ ಸುಮ್ನೆ ಕೊಡಿ ಅಂದವನು ಕಗ್ಗಿಯಾ. 1965ರಲ್ಲಿ ಅವನದೇ ಕ್ಷೇತ್ರ ಕಂಡಾರಾದಲ್ಲಿ ತುಂಬಿದ ಸಭೆಯ ಮುಂದೆ ಕೆನ್ಯಾಟ್ಟಾ ಅವನನ್ನು ಹಂಗಿಸಿದ. ನಾವೆಲ್ಲ ಒಟ್ಟಿಗೆ ಜೈಲಲ್ಲಿದ್ದೆವು, ಉಳಿದವರು ತೋಟ ಮಾಡಿಕೊಂಡರು, ನೀನು ನಿನಗಾಗಿ ಏನು ಮಾಡಿಕೊಂಡೆ ಅಂತ. ಮೌ ಮೌ ಒಂದು ರೋಗ, ಅದನ್ನು ಮರೆತುಬಿಡಬೇಕು ಅಂತ ಮೊದಲೇ ಹೇಳಿದ್ದವನೂ ಈ ಕೆನ್ಯಾಟ್ಟಾನೇ. ಮೊದಲ ದಿನದ ನನ್ನ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲೇ ಇದೆ. ನಿಷೇಧ ತೆಗೆದಿದ್ದರೆ ನೆಲದ ಲೆಕ್ಕ ಮತ್ತೆ ತೆಗೆಯಬೇಕಾಗುತ್ತಿತ್ತು.

ಹೊರಗೆ ಬಂದು ನೋಡಿದರೆ ಡ್ರೈವರ್ ಕಾಣಲಿಲ್ಲ. ಮತ್ತೆ ಒಳಗೆ ಹೋದೆ. ಒನೆಕೊ ಕೋಣೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದ. ಒನೆಕೊಗೆ ಅಪೀಲಿನಲ್ಲಿ ಖುಲಾಸೆ ಆಗಿತ್ತು. ಆದರೂ ಬಿಡದೆ ಒಳಗೇ ಇಟ್ಟರು.

"ನಿಮ್ಮವನಲ್ವಾ?" ಅಂದೆ.

"ನಮ್ಮೂರ ಕಡೆಯವನೇ" ಅಂದ. ಫೋನನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಪಕ್ಕ ನೆಟ್ಟಗೆ ನಿಂತ. "ಒಂದು ತೆಗೀರಿ. ಹೆಸರೂ ಬರಲಿ."